ಕ್ಯಾಮೆರಾ ‘ಎರರ್’ ಎಂದಾಗ ಎಲ್ಲಿಂದ ಹುಡುಕಬೇಕು?

ಕ್ಯಾಮೆರಾದ ತೆರೆಯ ಮೇಲೆ ದೋಷ ಸಂದೇಶ ಮೂಡಿದ ಕೂಡಲೇ ಬಹುತೇಕರು ಸ್ವಿಚ್ಚಿಗೆ ಕೈ ಹಾಕುತ್ತಾರೆ. ಆಫ್, ಆನ್, ಮತ್ತೆ ಆಫ್, ಮತ್ತೆ ಆನ್. ಅಷ್ಟಕ್ಕೇ ಸಂದೇಶ ಮಾಯವಾಗುವುದೂ ಉಂಟು. ತೊಂದರೆಯೆಂದರೆ, ಅದು ಯಾಕೆ ಬಂದಿತ್ತೆಂಬ ಸುಳಿವೂ ಜೊತೆಗೇ ಮಾಯವಾಗುತ್ತದೆ. ಅದೇ ದೋಷ ಮತ್ತೆ ತಲೆ ಎತ್ತುವುದು ಮದುವೆಮನೆಯಲ್ಲಿ, ಗಟ್ಟಿಮೇಳ ಶುರುವಾದ ಹೊತ್ತಿಗೆ.

‘ಎರ್ 01’, ‘ಎಫ್‌ಇಇ’, ‘ಸಿ:32:01’ ಎಂಬಂಥ ಸಂಕೇತಗಳು ಕ್ಯಾಮೆರಾ ಯಾವ ಕೆಲಸ ಮಾಡಲು ಹೋಗಿ ಸೋತಿತು ಎಂಬುದನ್ನಷ್ಟೇ ತಿಳಿಸುತ್ತವೆ. ಸೋಲಿಗೆ ಕಾರಣ ಯಾವುದೆಂದು ನಾವೇ ಹುಡುಕಬೇಕು. ಹುಡುಕಾಟವನ್ನು ನಾವು ದಿನವೂ ಕೈಯಿಂದ ಬಿಚ್ಚಿ ಕೂಡಿಸುವ ಮೂರು ಜಾಗಗಳಿಂದ ಆರಂಭಿಸಬೇಕು: ಬ್ಯಾಟರಿ, ಮೆಮೊರಿ ಕಾರ್ಡ್, ಲೆನ್ಸ್. ಬಾಡಿಯ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದ) ಒಳಗಿನ ಶಟರ್ (ಕ್ಲಿಕ್ಕಿಸಿದಾಗ ತೆರೆದು ಮುಚ್ಚುವ ಪರದೆ), ಸರ್ಕ್ಯೂಟ್‌ಗಳ ಸರದಿ ಬರುವುದು ಈ ಮೂರನ್ನೂ ಪರೀಕ್ಷಿಸಿದ ಮೇಲೆಯೇ. ಸೇವಾ ಕೇಂದ್ರಕ್ಕೆ ಓಡುವ ಮುಂಚೆ ಮನೆಯಲ್ಲಿಯೇ ಮಾಡಬಹುದಾದದ್ದು ಸಾಕಷ್ಟಿದೆ.

ಯಾವುದನ್ನೂ ಮುಟ್ಟುವ ಮುಂಚೆ

ಮೊಬೈಲ್ ತೆಗೆದು ಆ ಸಂದೇಶದ ಒಂದು ಫೋಟೊ ತೆಗೆದುಕೊಳ್ಳಿ. ಆಗ ಯಾವ ಲೆನ್ಸ್ ಇತ್ತು, ಯಾವ ಕಾರ್ಡ್ ಇತ್ತು, ನೀವು ಏನು ಮಾಡುತ್ತಿದ್ದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಿ. ವಿಡಿಯೊ ನಡೆಯುತ್ತಿತ್ತೇ, ಒಂದರ ಹಿಂದೊಂದು ಬಿಡದೆ ಕ್ಲಿಕ್ಕಿಸುತ್ತಿದ್ದಿರೇ, ಆಗಷ್ಟೇ ಲೆನ್ಸ್ ಬದಲಿಸಿದ್ದಿರೇ? ರಿಪೇರಿ ಮಾಡುವವರಿಗೆ ದೋಷದ ಸಂಖ್ಯೆಯಷ್ಟೇ ಈ ವಿವರವೂ ಬೇಕಾಗುತ್ತದೆ.

ಕಾರ್ಡ್‌ಗೆ ಬರೆಯುತ್ತಿರುವಾಗ ಉರಿಯುವ ಪುಟ್ಟ ದೀಪ ಆರುವವರೆಗೆ ಬ್ಯಾಟರಿಯನ್ನಾಗಲೀ ಕಾರ್ಡನ್ನಾಗಲೀ ತೆಗೆಯಬೇಡಿ. ಕೆಲವು ನಿಮಿಷ ಕಾದರೂ ದೀಪ ಆರದೆ ಕ್ಯಾಮೆರಾ ಕಲ್ಲಾಗಿ ಕುಳಿತಿದ್ದರೆ ಮಾತ್ರ, ಬೇರೆ ದಾರಿಯಿಲ್ಲದೆ, ಬ್ಯಾಟರಿ ತೆಗೆಯಿರಿ.

ಕ್ಯಾಮೆರಾ ‘ಫಾರ್ಮ್ಯಾಟ್ ಮಾಡಿ’ ಎಂದು ಕೇಳಿದರೂ ತಕ್ಷಣ ಒಪ್ಪಬೇಡಿ. ಕ್ಯಾನನ್ ಕ್ಯಾಮೆರಾಗಳ ‘ಎರ್ 02’ ಸಂದೇಶದಲ್ಲಿಯೇ, ಕಾರ್ಡನ್ನು ತೆಗೆದು ಹಾಕಿ, ಬದಲಿಸಿ ಅಥವಾ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿ ಎಂಬ ಸಲಹೆ ಇರುತ್ತದೆ. ಈ ಸಲಹೆ ಕ್ಯಾಮೆರಾದ ಅನುಕೂಲಕ್ಕೆ ಕೊಟ್ಟದ್ದು. ಕಾರ್ಡ್‌ನಲ್ಲಿರುವ ಚಿತ್ರಗಳ ಚಿಂತೆ ಅದಕ್ಕಿಲ್ಲ.

ದೋಷವಲ್ಲದ ದೋಷಗಳು

ಕೆಲವು ಸಂದೇಶಗಳು ನೋಡಲು ಗಾಬರಿ ಹುಟ್ಟಿಸಿದರೂ ಕೆಟ್ಟದ್ದೇನನ್ನೂ ಹೇಳುತ್ತಿರುವುದಿಲ್ಲ. ‘ಬಿಜಿ’ ಎಂದು ಬಂದರೆ ತೆಗೆದ ಚಿತ್ರಗಳನ್ನು ಕಾರ್ಡ್‌ಗೆ ಇಳಿಸುತ್ತಿದೆ ಎಂದರ್ಥ, ಕಾಯಿರಿ. ಮಡಚುವ ಕಿಟ್ ಲೆನ್ಸ್ (ಕ್ಯಾಮೆರಾದ ಜೊತೆಗೇ ಬರುವ ಲೆನ್ಸ್) ಇರುವ ನಿಕಾನ್ ಕ್ಯಾಮೆರಾಗಳಲ್ಲಿ ‘ಜೂಮ್ ರಿಂಗ್ ತಿರುಗಿಸಿ ಲೆನ್ಸನ್ನು ಹೊರಕ್ಕೆ ತನ್ನಿ’ ಎಂಬ ಸೂಚನೆ ಬರುತ್ತದೆ. ಬದಿಯಲ್ಲಿ ಗುಂಡಿ ಇದ್ದರೆ ಅದನ್ನು ಒತ್ತಿ, ರಿಂಗ್ ತಿರುಗಿಸಿದರೆ ಆಯಿತು. ನಿಕಾನ್‌ನ ಹಲವು ಮಾದರಿಗಳಲ್ಲಿ ಗಡಿಯಾರದ ಚಿಹ್ನೆ ಮಿನುಗುತ್ತಿದ್ದರೆ ಒಳಗಿನ ಸಣ್ಣ ಬ್ಯಾಟರಿ ಬರಿದಾಗಿದೆ. ಚಾರ್ಜ್ ಆದ ಮುಖ್ಯ ಬ್ಯಾಟರಿಯನ್ನು ಒಂದೆರಡು ದಿನ ಒಳಗೇ ಬಿಟ್ಟು, ದಿನಾಂಕ ಹೊಂದಿಸಿ.

ನಿಜಕ್ಕೂ ಅಪಾಯಕಾರಿಯಾದದ್ದು ‘ಡೆಮೊ’ ಎಂಬ ಪದ. ಕಾರ್ಡ್ ಇಲ್ಲದಿದ್ದರೂ ಶಟರ್ ಒತ್ತಲು ಬಿಡುವ ಆಯ್ಕೆ ಆನ್ ಆಗಿದ್ದರೆ ನಿಕಾನ್ ಕ್ಯಾಮೆರಾ ಚಿತ್ರ ತೆಗೆಯುತ್ತದೆ, ತೆರೆಯ ಮೇಲೆ ತೋರಿಸುತ್ತದೆ, ಎಲ್ಲೂ ಉಳಿಸುವುದಿಲ್ಲ. ಮೂಲೆಯಲ್ಲಿ ‘ಡೆಮೊ’ ಎಂದು ಕಾಣಿಸುವುದೊಂದೇ ಎಚ್ಚರಿಕೆ. ಬಿಸಿಲಲ್ಲಿ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಕಾರ್ಡ್ ಇಲ್ಲದೆ ಶಟರ್ ಬಿಡುವ ಆಯ್ಕೆ ಇತರ ಕಂಪನಿಗಳ ಕ್ಯಾಮೆರಾಗಳಲ್ಲೂ ಇದೆ. ಯಾವ ಕ್ಯಾಮೆರಾ ಆದರೂ ಮೊದಲ ದಿನವೇ ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಒಂದೊಂದೇ ಕೂಡಿಸಿ ನೋಡುವ ಕ್ರಮ

ಏಕಕಾಲಕ್ಕೆ ಬ್ಯಾಟರಿಯನ್ನೂ ಕಾರ್ಡನ್ನೂ ಬದಲಿಸಿ, ಲೆನ್ಸನ್ನೂ ಒರೆಸಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ. ಹೀಗೆ ಮಾಡಿ:

1. ಕ್ಯಾಮೆರಾ ಆಫ್ ಮಾಡಿ. ಬ್ಯಾಟರಿ, ಕಾರ್ಡ್, ಲೆನ್ಸ್ ಮೂರನ್ನೂ ಬಿಚ್ಚಿ. ಲೆನ್ಸ್ ಇದ್ದ ಜಾಗಕ್ಕೆ ಬಾಡಿಯ ಮುಚ್ಚಳ ಹಾಕಿ. ಕೆಳಗೆ ಬ್ಯಾಟರಿ ಗ್ರಿಪ್ (ಹೆಚ್ಚುವರಿ ಬ್ಯಾಟರಿಯ ಹಿಡಿಕೆ) ಇದ್ದರೆ ಅದನ್ನೂ ತೆಗೆಯಿರಿ. ಫ್ಲಾಶ್, ಟ್ರಿಗರ್, ಮೈಕ್ ಏನೇ ಸಿಕ್ಕಿಸಿದ್ದರೂ ಹೊರಗೆ. ಹತ್ತು ನಿಮಿಷ ಹಾಗೇ ಇರಲಿ.

2. ಪೂರ್ತಿ ಚಾರ್ಜ್ ಆದ, ಕಂಪನಿಯದ್ದೇ ಆದ ಬ್ಯಾಟರಿಯನ್ನು ಮಾತ್ರ ಹಾಕಿ ಆನ್ ಮಾಡಿ. ಮೆನು ತೆರೆಯುತ್ತದೆಯೇ? ಮ್ಯಾನುಯಲ್ ಮೋಡ್‌ಗೆ ಇಟ್ಟು, ಕಾರ್ಡ್ ಇಲ್ಲದೆ ಶಟರ್ ಬಿಡುವ ಆಯ್ಕೆಯನ್ನು ಈಗಿನ ಮಟ್ಟಿಗೆ ಆನ್ ಮಾಡಿ, ನಾಲ್ಕಾರು ಸಲ ಕ್ಲಿಕ್ಕಿಸಿ. ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ ‘ಲೆನ್ಸ್ ಇಲ್ಲ’ ಎಂದು ತಕರಾರು ಮಾಡಿದರೆ ಲೆನ್ಸ್ ಇಲ್ಲದೆ ಶಟರ್ ಬಿಡುವ ಆಯ್ಕೆಯೂ ಮೆನುವಿನಲ್ಲಿಯೇ ಸಿಗುತ್ತದೆ. ಈ ಹಂತದಲ್ಲೂ ದೋಷ ಬಂದರೆ ಅದು ಬಾಡಿಯದ್ದು. ಶಟರ್ ಕುರಿತ ಭಾಗಕ್ಕೆ ಹೋಗಿ.

3. ಕಾರ್ಡ್ ಹಾಕಿ ಮತ್ತೆ ಕ್ಲಿಕ್ಕಿಸಿ. ಚಿತ್ರಗಳಿರುವ ಕಾರ್ಡ್ ಬೇಡ, ಖಾಲಿಯಾದ ಬೇರೊಂದು ಕಾರ್ಡ್ ಹಾಕಿ.

4. ಕೊನೆಗೆ ಲೆನ್ಸ್. ಮೊದಲು ನಿಮ್ಮಲ್ಲಿರುವ ಬೇರೆ ಲೆನ್ಸ್, ಆಮೇಲೆ ದೋಷ ಬಂದಾಗ ಇದ್ದ ಲೆನ್ಸ್.

5. ಎಲ್ಲ ಸರಿಯಾಗಿದ್ದರೆ ಗ್ರಿಪ್, ಫ್ಲಾಶ್‌ಗಳನ್ನು ಒಂದೊಂದಾಗಿ ಸೇರಿಸುತ್ತಾ ಬನ್ನಿ. ಪರೀಕ್ಷೆ ಮುಗಿದ ಮೇಲೆ, ಎರಡನೇ ಹಂತದಲ್ಲಿ ಬದಲಿಸಿದ ಆಯ್ಕೆಗಳನ್ನು ಮೊದಲಿನಂತೆಯೇ ಆಫ್ ಮಾಡಿಡಿ.

ಬ್ಯಾಟರಿಯ ಬಗ್ಗೆ ಒಂದು ಮಾತು. ತೆರೆಯ ಮೇಲಿನ ಚಿಹ್ನೆ ತುಂಬಿದೆ ಎಂದು ತೋರಿಸಿದರೂ ಹಳೆಯ ಅಥವಾ ನಕಲಿ ಬ್ಯಾಟರಿ, ಲೆನ್ಸ್ ಹಿಂದಿನ ಕನ್ನಡಿ ಏಳುವಾಗ, ಶಟರ್ ಓಡುವಾಗ ಬೇಕಾದಷ್ಟು ವಿದ್ಯುತ್ ಕೊಡಲಾಗದೆ ಕುಸಿಯುತ್ತದೆ. ಆಗ ಬರುವ ಸಂದೇಶದಲ್ಲಿ ಬ್ಯಾಟರಿಯ ಹೆಸರೇ ಇರುವುದಿಲ್ಲ, ಶಟರ್‌ನ ಹೆಸರೋ ಲೆನ್ಸ್‌ನ ಹೆಸರೋ ಇರುತ್ತದೆ. ಅಗ್ಗದ ಗ್ರಿಪ್‌ಗಳೂ ಇದೇ ಆಟ ಆಡುತ್ತವೆ. ಬ್ಯಾಟರಿ ಉಬ್ಬಿದ್ದು, ಗೂಡಿನಿಂದ ಸಲೀಸಾಗಿ ಹೊರಬರದಿದ್ದರೆ ಅದನ್ನು ಮತ್ತೆ ಹಾಕಲೇಬೇಡಿ.

ಕಾರ್ಡ್ ಪರೀಕ್ಷೆ

ಕ್ಯಾನನ್‌ನಲ್ಲಿ ‘ಎರ್ 02’, ನಿಕಾನ್‌ನಲ್ಲಿ ಮಿನುಗುವ ‘ಸಿಎಚ್‌ಎ’, ಸೋನಿಯ ಹಲವು ಕ್ಯಾಮೆರಾಗಳಲ್ಲಿ ‘ಸಿ:13’ರಿಂದ ಶುರುವಾಗುವ ಸಂಕೇತ ಬಂದರೆ ಕಾರ್ಡನ್ನು ಓದಲು ಅಥವಾ ಬರೆಯಲು ಆಗುತ್ತಿಲ್ಲ ಎಂದರ್ಥ. ನಿಕಾನ್‌ನಲ್ಲಿ ‘ಫಾರ್’ ಎಂದು ಬಂದರೆ ಕಾರ್ಡ್ ಫಾರ್ಮ್ಯಾಟ್ ಆಗಿಲ್ಲ ಎಂದು. ಕ್ಯಾನನ್‌ನ ‘ಎರ್ 04’ ಬರಿಯ ಜಾಗದ ಸಮಸ್ಯೆ, ಕಾರ್ಡ್ ತುಂಬಿದೆ.

ಎಸ್‌ಡಿ ಕಾರ್ಡನ್ನು ಹೆಸರು ಕಾಣುವಂತೆ ಹಿಡಿದರೆ ಎಡ ಅಂಚಿನಲ್ಲಿ ಒಂದು ಪುಟ್ಟ ಜಾರುಗುಂಡಿ ಇದೆ. ಅದು ಕೆಳಕ್ಕೆ ಸರಿದಿದ್ದರೆ ‘ಕಾರ್ಡ್ ಲಾಕ್ ಆಗಿದೆ’ ಎಂಬ ಸಂದೇಶ ಬರುತ್ತದೆ. ಈ ಗುಂಡಿಗೂ ಕಾರ್ಡ್ ಒಳಗಿನ ಚಿಪ್‌ಗೂ ಸಂಬಂಧವೇ ಇಲ್ಲ. ಅದು ಎಲ್ಲಿದೆ ಎಂಬುದನ್ನು ಕ್ಯಾಮೆರಾದ ಸ್ಲಾಟ್ ಮುಟ್ಟಿ ನೋಡುತ್ತದೆ, ಅಷ್ಟೆ. ಗುಂಡಿ ಸಡಿಲವಾದರೆ ಕಾರ್ಡನ್ನು ಒಳಗೆ ತಳ್ಳುವಾಗಲೇ ಅದು ಕೆಳಕ್ಕೆ ಜಾರಿಬಿಡುತ್ತದೆ. ಅದರ ಮೇಲೆ ಟೇಪ್ ಅಂಟಿಸುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಟೇಪ್ ಸ್ಲಾಟ್ ಒಳಗೆ ಕಿತ್ತುಬಂದರೆ ಕಾರ್ಡ್‌ನ ಹಲವು ಪಟ್ಟು ಬೆಲೆಯ ರಿಪೇರಿ ಕಾದಿರುತ್ತದೆ. ಅಂಥ ಕಾರ್ಡ್‌ಗೆ ನಿವೃತ್ತಿ ಕೊಡಿ.

ಹಳೆಯ ಕ್ಯಾಮೆರಾ, ಹೊಸ ಕಾರ್ಡ್ ಎಂಬ ಜೋಡಿಯೂ ಜಗಳಕ್ಕೆ ಮೂಲ. ಮೂಲ ಎಸ್‌ಡಿ ಕಾರ್ಡ್‌ಗಳ ಮಿತಿ 2 ಜಿಬಿ, ಎಸ್‌ಡಿಎಚ್‌ಸಿಗೆ 32 ಜಿಬಿ. ಅದಕ್ಕೂ ಮೇಲಿನವು ಎಸ್‌ಡಿಎಕ್ಸ್‌ಸಿ. ಈ ಕೊನೆಯ ಬಗೆ ಪ್ರಕಟವಾದದ್ದು 2009ರಲ್ಲಿ. ಅದಕ್ಕಿಂತ ಮುಂಚಿನ ಕ್ಯಾಮೆರಾಕ್ಕೆ 64 ಜಿಬಿ ಕಾರ್ಡ್ ಹಾಕಿ ‘ಈ ಕಾರ್ಡ್ ಬಳಸಲಾಗದು’ ಎಂಬ ಉತ್ತರ ಬಂದರೆ ಕಾರ್ಡೂ ಕೆಟ್ಟಿಲ್ಲ, ಕ್ಯಾಮೆರಾವೂ ಕೆಟ್ಟಿಲ್ಲ. ವಿಡಿಯೊ ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ನಿಲ್ಲುತ್ತಿದ್ದರೆ ಕಾರ್ಡ್‌ನ ವೇಗ ಸಾಲದು. ಕಾರ್ಡ್ ಮೇಲೆ ದೊಡ್ಡದಾಗಿ ಮುದ್ರಿಸಿರುವ ಸಂಖ್ಯೆ ಸಾಮಾನ್ಯವಾಗಿ ಓದುವ ವೇಗದ್ದು. ವಿಡಿಯೊಗೆ ಲೆಕ್ಕಕ್ಕೆ ಬರುವುದು ‘ವಿ30’ ಎಂಬಂಥ ಗುರುತು; ಸೆಕೆಂಡಿಗೆ ಕನಿಷ್ಠ 30 ಎಂಬಿ ವೇಗದಲ್ಲಿ ಬಿಡದೆ ಬರೆಯಬಲ್ಲದು ಎಂಬ ಭರವಸೆ ಅದು.

ಮೈಕ್ರೊ ಎಸ್‌ಡಿ ಕಾರ್ಡನ್ನು ಅಡಾಪ್ಟರ್‌ನಲ್ಲಿ ಕೂರಿಸಿ ಬಳಸುವವರು, ಸಂದೇಶ ಬಂದಾಗ ಮೊದಲು ಆ ಅಡಾಪ್ಟರನ್ನೇ ಅನುಮಾನಿಸಲಿ. ಹಳೆಯ ಸಿಎಫ್ (ಕಾಂಪ್ಯಾಕ್ಟ್ ಫ್ಲಾಶ್) ಕಾರ್ಡ್ ಬಳಸುವ ಕ್ಯಾಮೆರಾ ಆಗಿದ್ದರೆ ಟಾರ್ಚ್ ಹಿಡಿದು ಸ್ಲಾಟ್ ಒಳಗೆ ನೋಡಿ. ಅಲ್ಲಿ ಎರಡು ಸಾಲಾಗಿ 50 ಸೂಜಿಯಂಥ ಪಿನ್‌ಗಳಿವೆ. ಒಂದೇ ಒಂದು ಪಿನ್ ಓರೆಯಾಗಿದ್ದರೂ ಸಾಲಿನಲ್ಲಿ ಅಷ್ಟು ಜಾಗ ಕಪ್ಪಾಗಿ ಎದ್ದು ಕಾಣುತ್ತದೆ. ಅಂಥ ಸ್ಲಾಟ್‌ಗೆ ಕಾರ್ಡನ್ನು ಒತ್ತಿ ತುರುಕಿದರೆ ಪಿನ್ ಮುರಿದೇ ಹೋಗುತ್ತದೆ.

ಇನ್ನೊಂದು ವಿಚಿತ್ರ ಸಂದೇಶವಿದೆ: ಕಾರ್ಡ್‌ನಲ್ಲಿ ಜಾಗ ಬೇಕಾದಷ್ಟಿದ್ದರೂ ‘ಫೋಲ್ಡರ್ ಸಂಖ್ಯೆ ಮುಗಿದಿದೆ’ ಎನ್ನುತ್ತದೆ. ಕ್ಯಾಮೆರಾಗಳು ಫೋಲ್ಡರ್‌ಗಳಿಗೆ 100ರಿಂದ 999ರವರೆಗೆ, ಚಿತ್ರಗಳಿಗೆ 0001ರಿಂದ 9999ರವರೆಗೆ ಮಾತ್ರ ಸಂಖ್ಯೆ ಕೊಡುತ್ತವೆ. ಬೇರೆ ಕ್ಯಾಮೆರಾದಲ್ಲಿ ಬಳಸಿದ ಕಾರ್ಡ್‌ನಲ್ಲಿ 999ನೇ ಫೋಲ್ಡರ್ ಇದ್ದರೆ ನಿಮ್ಮ ಕ್ಯಾಮೆರಾ ಅಲ್ಲಿಂದ ಮುಂದಕ್ಕೆ ಎಣಿಸಲು ಹೋಗಿ ಸಿಕ್ಕಿಹಾಕಿಕೊಳ್ಳುತ್ತದೆ. ಚಿತ್ರಗಳನ್ನು ಕಂಪ್ಯೂಟರ್‌ಗೆ ಇಳಿಸಿ, ಮೆನುವಿನಲ್ಲಿ ಸಂಖ್ಯೆಯನ್ನು ರೀಸೆಟ್ ಮಾಡಿ, ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.

ಕಾರ್ಡ್‌ನಲ್ಲಿರುವ ಚಿತ್ರಗಳು ಬೇಕೇ ಬೇಕು ಎನ್ನುವುದಾದರೆ ಆ ಕ್ಷಣದಿಂದ ಆ ಕಾರ್ಡ್‌ಗೆ ಹೊಸದೇನನ್ನೂ ಬರೆಯಬೇಡಿ. ರೀಡರ್ ಮೂಲಕ ಕಂಪ್ಯೂಟರ್‌ಗೆ ಹಾಕಿ. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ’ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಕಾರ್ಡ್‌ಗೆ ಏನೂ ಬರೆಯದೆ ಚಿತ್ರಗಳನ್ನು ಹೆಕ್ಕಿ ತೆಗೆಯುತ್ತದೆ. ಅದರ ತೆರೆ ಹಳೆಯ ಕಾಲದ್ದು, ಕೆಲಸ ಮಾತ್ರ ಗಟ್ಟಿ. ಹೆಕ್ಕಿದ ಚಿತ್ರಗಳನ್ನು ಅದೇ ಕಾರ್ಡ್‌ಗೆ ಹಾಕದೆ ಕಂಪ್ಯೂಟರ್‌ನ ಡಿಸ್ಕ್‌ಗೆ ಉಳಿಸಿ. ತಪ್ಪಿ ಫಾರ್ಮ್ಯಾಟ್ ಆಗಿದ್ದರೂ ಆಸೆ ಬಿಡಬೇಕಿಲ್ಲ. ಕ್ಯಾಮೆರಾದ ಸಾಮಾನ್ಯ ಫಾರ್ಮ್ಯಾಟ್ ಹೆಚ್ಚಾಗಿ ಕಡತಗಳ ಪಟ್ಟಿಯನ್ನು ಅಳಿಸುತ್ತದೆ, ಚಿತ್ರಗಳು ಅಡಿಯಲ್ಲಿ ಉಳಿದಿರುತ್ತವೆ.

ಎಲ್ಲ ಮುಗಿದ ಮೇಲೆ ಆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ ಪರೀಕ್ಷಿಸಿ. ಅನುಮಾನದ ಕಾರ್ಡ್‌ಗಳನ್ನು ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ‘ಎಫ್3’ ಎಂಬ ತಂತ್ರಾಂಶದಿಂದ ತುದಿಯಿಂದ ತುದಿಗೆ ತುಂಬಿಸಿ ನೋಡಬಹುದು. ನಿಜವಾದ ಸಾಮರ್ಥ್ಯಕ್ಕಿಂತ ಹೆಚ್ಚು ಬರೆದುಕೊಂಡಿರುವ ನಕಲಿ ಕಾರ್ಡ್‌ಗಳು ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ. ಎರಡನೇ ಸಲ ದೋಷ ತೋರಿಸಿದ ಕಾರ್ಡನ್ನು ಮದುವೆಗೆ ಒಯ್ಯುವುದು ಧೈರ್ಯವಲ್ಲ.

ಲೆನ್ಸ್ ಮತ್ತು ಬಾಡಿ ಮಾತು ಬಿಟ್ಟಾಗ

‘ಎರ್ 01’ ಎಂದರೆ ಕ್ಯಾನನ್ ಬಾಡಿ ಮತ್ತು ಲೆನ್ಸ್ ನಡುವಿನ ಸಂಪರ್ಕ ಸರಿಯಿಲ್ಲ, ಸಂಪರ್ಕ ಬಿಂದುಗಳನ್ನು ಸ್ವಚ್ಛಗೊಳಿಸಿ ಎಂದು. ಹಳೆಯ ಮಾದರಿಗಳಲ್ಲಿ ಇದೇ ತೊಂದರೆ ‘ಎರ್ 99’ ಎಂದು ಬರುತ್ತಿತ್ತು. ಎಲ್ಲಿಗೂ ಸೇರದ ದೋಷಗಳನ್ನೆಲ್ಲ ಆ ಸಂಖ್ಯೆಗೆ ಹಾಕುತ್ತಿದ್ದರು.

ಲೆನ್ಸ್ ಬಿಚ್ಚಿ, ಹಿಂಬದಿಯಲ್ಲಿರುವ ಚಿನ್ನದ ಬಣ್ಣದ ಬಿಂದುಗಳನ್ನು ಬೆಳಕಿಗೆ ಹಿಡಿದು ನೋಡಿ. ಬೆರಳಿನ ಜಿಡ್ಡು, ಬೆವರಿನ ಮಂಕು ಇದ್ದರೆ ನೂಲು ಬಿಡದ ಒಣ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಬಟ್ಟೆಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನ ಒಂದು ಹನಿ ಸಾಕು. ಹನಿ ಬಟ್ಟೆಗೆ ಬೀಳಬೇಕು, ಲೆನ್ಸ್‌ಗಲ್ಲ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಸಲಹೆ ಬಹಳ ಹಳೆಯದು, ಬಹಳ ಜನಪ್ರಿಯವೂ ಹೌದು. ನಾನು ಅದನ್ನು ಒಪ್ಪುವುದಿಲ್ಲ: ತೆಳುವಾದ ಲೇಪನ ಸವೆಯುತ್ತದೆ, ರಬ್ಬರ್‌ನ ಪುಡಿ ಒಳಗೆ ಬೀಳುತ್ತದೆ. ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ಕ್ಯಾಮೆರಾದ ಹತ್ತಿರವೂ ತರಬೇಡಿ.

ಬಾಡಿಯ ಕಡೆ ಇರುವ ಬಿಂದುಗಳು ಸ್ಪ್ರಿಂಗ್ ಮೇಲೆ ಕುಳಿತಿರುತ್ತವೆ. ಬಟ್ಟೆ ಸುತ್ತಿದ ಮರದ ಕಡ್ಡಿಯಿಂದ ಒಂದೊಂದನ್ನೂ ಮೃದುವಾಗಿ ಒತ್ತಿ ಬಿಡಿ. ಎಲ್ಲವೂ ಒಂದೇ ಎತ್ತರಕ್ಕೆ ಮರಳಬೇಕು. ಒಂದು ಮಾತ್ರ ಒಳಗೇ ಕುಳಿತಿದ್ದರೆ ಕಾರಣ ಸಿಕ್ಕಿದಂತೆಯೇ. ಲೆನ್ಸ್ ಹಾಕಿದ ಮೇಲೆ ಅದನ್ನು ಕೈಯಿಂದ ಸ್ವಲ್ಪವೇ ಅಲುಗಿಸಿ. ಸಂದೇಶ ಬಂದು ಹೋಗಿ ಮಾಡುತ್ತಿದ್ದರೆ ಲೆನ್ಸ್‌ನ ಲೋಹದ ಮೌಂಟ್ ಹಿಡಿದಿರುವ ಸ್ಕ್ರೂಗಳು ಸಡಿಲವಾಗಿರಬಹುದು.

ಬಿಂದುಗಳು ಹೊಳೆಯುತ್ತಿದ್ದರೂ ‘ಎರ್ 01’ ಹೋಗದಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಕನ್ನಡಿ ಇರುವ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್‌ನ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಸದಾ ಪೂರ್ತಿ ತೆರೆದೇ ಇರುತ್ತದೆ. ಚಿತ್ರ ತೆಗೆಯುವ ಕ್ಷಣಕ್ಕೆ ಮಾತ್ರ ನಾವು ಹೇಳಿದಷ್ಟು ಮುಚ್ಚುತ್ತದೆ. ಕ್ಯಾಮೆರಾವನ್ನು ಅಪರ್ಚರ್ ಮೋಡ್‌ಗೆ ಇಟ್ಟು ಮೊದಲು ಅತಿ ಅಗಲದ ಸಂಖ್ಯೆಯಲ್ಲಿ, ಎಂದರೆ ಕಿಟ್ ಲೆನ್ಸ್ ಆದರೆ ಎಫ್/3.5ರಲ್ಲಿ, ಕ್ಲಿಕ್ಕಿಸಿ. ಆಮೇಲೆ ಎಫ್/8ಕ್ಕೆ ಹೋಗಿ. ಮೊದಲನೆಯದು ಬಂದು, ಎರಡನೆಯದರಲ್ಲಿ ದೋಷ ಕಾಣಿಸಿದರೆ ಅನುಮಾನ ಅಪರ್ಚರ್ ಯಂತ್ರದ ಮೇಲೆ ಅಥವಾ ಅದಕ್ಕೆ ಹೋಗುವ ರಿಬ್ಬನ್ ಕೇಬಲ್ ಮೇಲೆ. ಜೂಮ್ ಮಾಡುವಾಗಲೆಲ್ಲ ಆ ಕೇಬಲ್ ಮಡಚಿ ಬಿಚ್ಚಿ ಕೊನೆಗೊಂದು ದಿನ ಬಿರುಕು ಬಿಡುತ್ತದೆ; ಹಾಗಾಗಿ ಕೆಲವೊಮ್ಮೆ ದೋಷ ಜೂಮ್‌ನ ಯಾವುದೋ ಒಂದು ಜಾಗದಲ್ಲಿ ಮಾತ್ರ ಬರುವುದುಂಟು. ಇದು ರಿಪೇರಿಯವರ ಕೆಲಸ. ಆದರೆ ಕಾರ್ಯಕ್ರಮ ಅರ್ಧದಲ್ಲಿದ್ದರೆ ಅಪರ್ಚರ್ ಪೂರ್ತಿ ತೆರೆದಿಟ್ಟು, ಬೆಳಕನ್ನು ಶಟರ್ ವೇಗ ಮತ್ತು ಬೆಳಕಿನ ಸಂವೇದನೆಯ ಸಂಖ್ಯೆಯಾದ ಐಎಸ್‌ಒಗಳಿಂದಲೇ ಹೊಂದಿಸುತ್ತ ಅಂದಿನ ಕೆಲಸ ಮುಗಿಸಬಹುದು. ಆಟೊಫೋಕಸ್ ಮತ್ತು ಕೈ ನಡುಕ ತಡೆಯುವ ಸ್ಟೆಬಿಲೈಸರ್‌ಗಳನ್ನೂ ಒಂದೊಂದಾಗಿ ಆಫ್ ಮಾಡಿ ನೋಡಿ. ಯಾವುದನ್ನು ಆಫ್ ಮಾಡಿದಾಗ ಸಂದೇಶ ನಿಲ್ಲುತ್ತದೆಯೋ ಅನುಮಾನ ಅದರ ಮೇಲೆ.

ನಿಕಾನ್‌ನ ಕಥೆ ಬೇರೆ. ಅಪರ್ಚರ್ ರಿಂಗ್ ಇರುವ ಡಿ ಸರಣಿಯ ಲೆನ್ಸ್‌ಗಳನ್ನು, ಉದಾಹರಣೆಗೆ 50 ಎಂಎಂ ಎಫ್/1.8ಡಿ, ಹಾಕಿದಾಗ ‘ಎಫ್‌ಇಇ’ ಎಂದು ಮಿನುಗಿದರೆ ಲೆನ್ಸ್ ಕೆಟ್ಟಿಲ್ಲ. ರಿಂಗನ್ನು ಕಿತ್ತಳೆ ಬಣ್ಣದ 22ಕ್ಕೆ ತಿರುಗಿಸಿ, ಪಕ್ಕದ ಪುಟ್ಟ ಲಾಕ್ ಹಾಕಿದರೆ ಸಂದೇಶ ಹೋಗುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಂಡವರು ಇದಕ್ಕಾಗಿ ಹಿಂದಿರುಗಿಸಲು ಹೋಗುವುದು ನಗೆಪಾಟಲಾಗುತ್ತದೆ. ‘ಎಫ್--’ ಬಂದರೆ ಲೆನ್ಸ್‌ನ ಇರವೇ ಕ್ಯಾಮೆರಾಕ್ಕೆ ಗೊತ್ತಾಗಿಲ್ಲ. ಬಿಚ್ಚಿ, ಒರೆಸಿ, ‘ಟಕ್’ ಎನ್ನುವವರೆಗೆ ತಿರುಗಿಸಿ ಹಾಕಿ. ಡಿ ಮತ್ತು ಜಿ ಲೆನ್ಸ್‌ಗಳ ಹಿಂಬದಿಯಲ್ಲಿ ಒಂದು ಲೋಹದ ಕಡ್ಡಿ ಇದೆ. ಉಗುರಿನಿಂದ ಅದನ್ನು ಸರಿಸಿ ಬಿಟ್ಟರೆ ಅಪರ್ಚರ್‌ನ ಎಸಳುಗಳು ಥಟ್ಟನೆ ಮರಳಬೇಕು. ನಿಧಾನಕ್ಕೆ ತೆವಳಿದರೆ ಎಸಳುಗಳಿಗೆ ಎಣ್ಣೆ ಇಳಿದಿದೆ.

ಬೇರೆ ಕಂಪನಿಗಳ ಹಳೆಯ ಲೆನ್ಸ್‌ಗಳು ಹೊಸ ಬಾಡಿಯೊಂದಿಗೆ ಹೊಂದದೆ ದೋಷ ತೋರಿಸುವುದೂ ಇದೆ. ಅಲ್ಲಿ ಒರೆಸಿ ಪ್ರಯೋಜನವಿಲ್ಲ. ಲೆನ್ಸ್‌ಗೆ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಸಿಗುತ್ತದೆಯೇ ನೋಡಿ.

ಶಟರ್ ಮತ್ತು ಕನ್ನಡಿ

ಕ್ಯಾನನ್‌ನ 10ರಿಂದ 80ರವರೆಗಿನ ಸಂಖ್ಯೆಗಳಿಗೆ ಕೈಪಿಡಿ ಕೊಡುವ ಪರಿಹಾರ ಒಂದೇ: ಆಫ್ ಮಾಡಿ, ಬ್ಯಾಟರಿ ತೆಗೆದು ಹಾಕಿ. ರಿಪೇರಿಯವರ ಅನುಭವದಲ್ಲಿ 20 ಮತ್ತು 30 ಸಾಮಾನ್ಯವಾಗಿ ಕನ್ನಡಿ ಮತ್ತು ಶಟರ್‌ಗೆ ಸಂಬಂಧಿಸಿದವು. ನಿಕಾನ್‌ನಲ್ಲಿ ‘ಎರ್’ ಎಂದಷ್ಟೇ ಮಿನುಗಿದರೆ ಶಟರ್ ಗುಂಡಿಯನ್ನು ಇನ್ನೊಮ್ಮೆ ಒತ್ತಿ. ಸೋನಿಯ ‘ಸಿ:32’, ‘ಇ:61’, ‘ಇ:91’ ಒಳಗಿನ ದೋಷಗಳು. ಆಫ್-ಆನ್, ಮೆನುವಿನಿಂದ ರೀಸೆಟ್, ಅಲ್ಲಿಗೆ ನಮ್ಮ ಕೈಲಾಗುವುದು ಮುಗಿಯಿತು.

ಕನ್ನಡಿ ಮೇಲೆಯೇ ಸಿಕ್ಕಿಕೊಂಡಿದ್ದರೆ ಬೆರಳಿನಿಂದ ಇಳಿಸಬೇಡಿ. ತುಂಬಿದ ಬ್ಯಾಟರಿ ಹಾಕಿದಾಗ ಹಲವು ಸಲ ತಾನಾಗಿ ಇಳಿಯುತ್ತದೆ. ಶಟರ್‌ನ ಎಸಳುಗಳನ್ನು ಮುಟ್ಟಬೇಡಿ, ಡಬ್ಬಿಯ ಗಾಳಿ ಹೊಡೆಯಬೇಡಿ. ಒಂದು ಎಸಳು ಬಾಗಿದರೆ ಇಡೀ ಶಟರ್ ಬದಲಿಸಬೇಕು. ಶಟರ್‌ಗೆ ಆಯುಸ್ಸಿದೆ. ಕ್ಯಾನನ್ 5ಡಿ ಮಾರ್ಕ್ 4ಕ್ಕೆ ಕಂಪನಿ ಹೇಳುವುದು 1,50,000 ಕ್ಲಿಕ್, ನಿಕಾನ್ ಡಿ850ಕ್ಕೆ 2,00,000. ಅದಕ್ಕಿಂತ ಬೇಗ ಹೋಗುವುದೂ ಉಂಟು, ಎರಡು ಪಟ್ಟು ಓಡುವುದೂ ಉಂಟು.

ಜೇಬಿಗೆ ಹಿಡಿಸುವ ಕಾಂಪ್ಯಾಕ್ಟ್ ಕ್ಯಾಮೆರಾದಲ್ಲಿ ‘ಲೆನ್ಸ್ ಎರರ್’ ಬಂದರೆ ಹೆಚ್ಚಿನಂಶ ಕಡಲತೀರದ ಮರಳು ಅಥವಾ ಒಮ್ಮೆ ಕೆಳಗೆ ಬಿದ್ದದ್ದು ಕಾರಣ. ಲೆನ್ಸ್ ಕೆಳಮುಖವಾಗಿರುವಂತೆ ಹಿಡಿದು, ಕೊಳವೆಯ ಸುತ್ತಲಿನ ಸಂದಿಗೆ ರಬ್ಬರ್ ಬ್ಲೋವರ್‌ನಿಂದ ಗಾಳಿ ಊದಿ, ತುಂಬಿದ ಬ್ಯಾಟರಿ ಹಾಕಿ ಆನ್ ಮಾಡಿ. ಎರಡು ಮೂರು ಸಲಕ್ಕೆ ಆಗದಿದ್ದರೆ ಬಿಡಿ. ಎಳೆಯುವುದು, ಮೇಜಿಗೆ ಕುಟ್ಟುವುದು ಬೇಡ.

ಸೆಕೆ ಮತ್ತು ಮಳೆ

ಬಹುತೇಕ ಕ್ಯಾಮೆರಾಗಳ ಕೈಪಿಡಿಯಲ್ಲಿ ಬಳಕೆಯ ಉಷ್ಣಾಂಶ 0ಯಿಂದ 40 ಡಿಗ್ರಿ ಎಂದು ಬರೆದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರುಗಳ ನೆರಳೇ ಅದನ್ನು ದಾಟುತ್ತದೆ. ಅಂಥ ಕಡೆ 4ಕೆ ವಿಡಿಯೊ ತೆಗೆಯುವಾಗ ಉಷ್ಣದ ಎಚ್ಚರಿಕೆ ಬಂದರೆ ಕ್ಯಾಮೆರಾ ತನ್ನನ್ನು ಉಳಿಸಿಕೊಳ್ಳುತ್ತಿದೆ. ನೆರಳಿಗೆ ತನ್ನಿ, ಬ್ಯಾಟರಿ ತೆಗೆಯಿರಿ, ಮಡಚುವ ತೆರೆಯನ್ನು ಬಾಡಿಯಿಂದ ದೂರಕ್ಕೆ ಬಿಡಿಸಿಡಿ. ಸೋನಿಯ ಹಲವು ಮಾದರಿಗಳಲ್ಲಿ ಎಷ್ಟು ಬಿಸಿಗೆ ತಾನಾಗಿ ಆಫ್ ಆಗಬೇಕೆಂಬ ಆಯ್ಕೆ ಇದೆ. ಕ್ಯಾಮೆರಾ ಕೈಯಲ್ಲಿಲ್ಲದೆ ಟ್ರೈಪಾಡ್ ಮೇಲಿದ್ದರೆ ಅದನ್ನು ‘ಹೈ’ಗೆ ಇಡಬಹುದು. ಫ್ರಿಜ್ಜಿನಲ್ಲಿಟ್ಟು ತಣಿಸುವ ಯೋಚನೆ ಬೇಡ, ಒಳಗೆಲ್ಲ ನೀರು ಕಟ್ಟುತ್ತದೆ.

ಮಲೆನಾಡು, ಕರಾವಳಿಗಳಲ್ಲಿ ಮಳೆಗಾಲದ ತೇವವೇ ಶತ್ರು. ಎಸಿ ಕಾರಿನಿಂದ ಹೊರತಂದ ತಣ್ಣನೆಯ ಕ್ಯಾಮೆರಾದ ಮೇಲೆ ಹಬೆ ಕೂರುತ್ತದೆ, ಸಂಪರ್ಕ ಬಿಂದುಗಳ ಮೇಲೂ ಕೂರುತ್ತದೆ. ಹೊತ್ತುಗೊತ್ತಿಲ್ಲದ ದೋಷಗಳು ಆಗ ಶುರು. ಹೊರತೆಗೆಯುವ ಮುಂಚೆ ಜಿಪ್ ಚೀಲದಲ್ಲಿ ಮುಚ್ಚಿಟ್ಟು ಹೊರಗಿನ ಉಷ್ಣಾಂಶಕ್ಕೆ ಬರಲು ಬಿಡಿ. ಮಳೆಯಲ್ಲಿ ನೆನೆದಿದ್ದರೆ ಆನ್ ಮಾಡಿ ಪರೀಕ್ಷಿಸದೆ ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಎರಡು ಮೂರು ದಿನ ಇಡಿ. ಅಕ್ಕಿಯಲ್ಲಿ ಹೂಳಿದರೆ ಹಿಟ್ಟಿನ ಧೂಳು ಸಂದಿಗಳಿಗೆ ಹೋಗುತ್ತದೆ. ಕಡಲ ನೀರು ತಾಗಿದ್ದರೆ ಒಣಗಲು ಕಾಯದೆ ಸೇವಾ ಕೇಂದ್ರಕ್ಕೆ ಒಯ್ಯಿರಿ. ಉಪ್ಪು ಒಳಗಿನ ಲೋಹವನ್ನು ಬೇಗ ತಿನ್ನುತ್ತದೆ.

ರಿಪೇರಿಗೆ ಕೊಡುವುದೇ ಆದರೆ

ಕಾರ್ಡ್ ಮತ್ತು ಬೆಲ್ಟ್ ತೆಗೆದಿಟ್ಟುಕೊಳ್ಳಿ. ಸೀರಿಯಲ್ ನಂಬರ್ ಬರೆದುಕೊಳ್ಳಿ, ರಸೀದಿಯಲ್ಲೂ ಅದು ಇದೆಯೇ ನೋಡಿ. ದೋಷ ಲೆನ್ಸ್‌ನದ್ದೆಂದು ಅನುಮಾನ ಇದ್ದರೂ ಬಾಡಿ-ಲೆನ್ಸ್ ಎರಡನ್ನೂ ಒಯ್ಯಿರಿ. ಒಂದನ್ನೇ ಕೊಟ್ಟರೆ ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂಬ ಉತ್ತರದೊಂದಿಗೆ ವಾಪಸಾಗುವ ಸಂಭವ ಹೆಚ್ಚು. ಬಿಚ್ಚುವ ಮುಂಚೆಯೇ ಅಂದಾಜು ಖರ್ಚು ಬರಹದಲ್ಲಿ ಕೇಳಿ. ರಿಪೇರಿ ಬೇಡವೆಂದರೂ ತಪಾಸಣೆಗೆ ಶುಲ್ಕ ಇದೆಯೇ ಎಂದೂ ಕೇಳಿ. ವಿದೇಶದಿಂದ ತರಿಸಿದ ಕ್ಯಾಮೆರಾಕ್ಕೆ ಇಲ್ಲಿನ ವಾರಂಟಿ ಅನ್ವಯವಾಗದೆ ಇರಬಹುದು.

ವಾಪಸ್ ಪಡೆಯುವಾಗ ಅಲ್ಲಿಯೇ ನಿಂತು, ನಿಮ್ಮದೇ ಕಾರ್ಡ್ ಹಾಕಿ, ಮೊದಲು ದೋಷ ಬಂದ ಸನ್ನಿವೇಶವನ್ನೇ ಮತ್ತೆ ಸೃಷ್ಟಿಸಿ ನೋಡಿ. ಎಫ್/8ರಲ್ಲಿ ಬರುತ್ತಿತ್ತೆಂದರೆ ಎಫ್/8ರಲ್ಲಿ, ಜೂಮ್‌ನ ಎರಡೂ ತುದಿಗಳಲ್ಲಿ, ಬಿಡದೆ ಇಪ್ಪತ್ತು ಮೂವತ್ತು ಕ್ಲಿಕ್. ಆಮೇಲೆ ಹಣ ಕೊಡಿ.